ಕನ್ನಡಕ್ಕೆ ಪರರ ಅಳತೆಗೋಲು ಬೇಡ!

ಕನ್ನಡದ ಯುವಕ ಯುವತಿಯರೇ,

ಬರಹದ ಉದ್ದ ಅಳೆದುಕೊಡುವ, ಅದನ್ನು ಓದಲು ಎಷ್ಟು ನಿಮಿಷ ಬೇಕೆಂದು ಹೇಳುವ ಉಚಿತ ಸಾಧನಗಳು ಇಂದು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ. ಅಂಥದ್ದೊಂದನ್ನು ತೆರೆದು ‘ಸ್ತ್ರೀ’ ಎಂದು ಟೈಪ್ ಮಾಡಿ. ಕಾಗುಣಿತ, ಒತ್ತಕ್ಷರ ಕಲಿತ ಯಾವ ಮಗುವನ್ನು ಕೇಳಿದರೂ ಅದು ಒಂದೇ ಅಕ್ಷರ ಎನ್ನುತ್ತದೆ. ಯಂತ್ರ ಏನನ್ನುತ್ತದೆ? ಸಾಮಾನ್ಯವಾಗಿ ಆರು! ಸ್ವಲ್ಪ ಜಾಣ ಸಾಧನವಾದರೆ ಮೂರು!

ಇದೇನು ಪವಾಡವಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಸ, ತ, ರ ಮೂರಕ್ಕೂ ಒಂದೊಂದು ಸಂಕೇತ. ನಡುವಿನ ಎರಡು ಅರ್ಧಾಕ್ಷರ ಚಿಹ್ನೆಗಳಿಗೆ ಎರಡು, ದೀರ್ಘಕ್ಕೆ ಇನ್ನೊಂದು. ಒಟ್ಟು ಆರು. ಹೀಗೆ ಮೂರಕ್ಷರದ ‘ಕನ್ನಡ’ ಐದಾಗುತ್ತದೆ, ನಾಲ್ಕಕ್ಷರದ ‘ಹಳೇಬೀಡು’ ಏಳಾಗುತ್ತದೆ. ಒಳಗೆ ಯಂತ್ರ ಹೇಗೆ ಬೇಕಾದರೂ ಇಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ ಆ ಸಂಕೇತಗಳನ್ನೇ ‘ಅಕ್ಷರ’ ಎಂದು ಎಣಿಸಿ ನಮ್ಮ ಮುಂದಿಟ್ಟರೆ ಅದು ಸುಳ್ಳು ಲೆಕ್ಕ!

ಮುದ್ರಣದ ಕಸುಬಿನವರಿಗೆ ಅಕ್ಷರದ ಲೆಕ್ಕವೇ ಅನ್ನದ ಲೆಕ್ಕ. ಮೊಳೆ ಜೋಡಿಸುವ ಕಾಲದಿಂದಲೂ ಒಂದು ಸಾಲಿಗೆ ಎಷ್ಟು ಅಕ್ಷರ, ಪುಟಕ್ಕೆ ಎಷ್ಟು ಸಾಲು ಎಂದು ಎಣಿಸಿಯೇ ಕಾಗದದ ಅಂದಾಜು ಹೇಳಬೇಕು. ಒತ್ತಕ್ಷರ ಕೆಳಗೆ ಕೂರುತ್ತದೆ, ಸಾಲಿನಲ್ಲಿ ಪಕ್ಕದ ಜಾಗ ಕೇಳುವುದು ಕಡಿಮೆ. ಕಂಪ್ಯೂಟರಿನ ಆರನ್ನು ನಂಬಿ ಕರಪತ್ರಕ್ಕೆ ಪುಟ ಹಾಕಿದರೆ ಅರ್ಧ ಪುಟ ಖಾಲಿ ಉಳಿದೀತು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಸುರಿದರಂತೂ ಆ ಸಾಧನಕ್ಕೆ ಅದು ಕನ್ನಡವೆಂದೇ ತಿಳಿಯದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

‘ಇಷ್ಟಕ್ಕೆಲ್ಲ ಹೋರಾಟವೇ?’ ಎಂದು ನಗಬೇಡಿ. ನಿಮ್ಮ ಜೇಬಿನಲ್ಲಿರುವ ಮೊಬೈಲನ್ನೇ ನೋಡಿ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಜಾಗ. ಕನ್ನಡಕ್ಕೆ 70. ಆ ಎಪ್ಪತ್ತರಲ್ಲಿ ‘ಸ್ತ್ರೀ’ ಎಂಬ ಒಂದಕ್ಷರವೇ ಆರನ್ನು ನುಂಗುತ್ತದೆ! ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ ಮುಗಿಯುವ ಮಾತಿಗೆ ಕನ್ನಡದಲ್ಲಿ ಎರಡೋ ಮೂರೋ ಸಂದೇಶದ ದುಡ್ಡು. ಬ್ಯಾಂಕಿನವರಿಗೂ ಕಂಪನಿಯವರಿಗೂ ‘ಕನ್ನಡ ದುಬಾರಿ’ ಎನ್ನಲು ಇಷ್ಟು ನೆಪ ಸಾಕು. ಆನ್‌ಲೈನ್ ಅರ್ಜಿಯಲ್ಲಿ ‘500 ಅಕ್ಷರ ಮೀರಬಾರದು’ ಎಂಬ ಪೆಟ್ಟಿಗೆ ಸಂಕೇತಗಳನ್ನು ಎಣಿಸುವುದಾದರೆ, ತನ್ನ ಕಷ್ಟವನ್ನು ಕನ್ನಡದಲ್ಲಿ ಬರೆಯುವ ರೈತನ ಮಾತು ನಡುವೆಯೇ ತುಂಡಾಗುತ್ತದೆ. ಇದು ಅಕ್ಷರದ ತಮಾಷೆಯಲ್ಲ, ಹಕ್ಕಿನ ಪ್ರಶ್ನೆ!

ಇನ್ನು ಓದುವ ಸಮಯ. ಈ ಸಾಧನಗಳು ಸಾಮಾನ್ಯವಾಗಿ ನಿಮಿಷಕ್ಕೆ 200ರಿಂದ 265 ಪದ ಎಂಬ ಇಂಗ್ಲಿಷ್ ಲೆಕ್ಕ ಹಾಕುತ್ತವೆ. ‘ಊರಿನಲ್ಲಿದ್ದವರಿಗೆಲ್ಲ’ ನಮ್ಮದು ಒಂದೇ ಪದ. ಇಂಗ್ಲಿಷಿನಲ್ಲಿ ‘ಟು ಆಲ್ ದೋಸ್ ಹೂ ವರ್ ಇನ್ ದ ವಿಲೇಜ್’, ಎಂಟು ಪದ. ಪದಕ್ಕೆ ಪದ ಸಮ ಎಂದು ತೂಗಿದರೆ ಹೇಗೆ ಸರಿಹೋದೀತು?

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 17 ಭಾಷೆಗಳ ಓದಿನ ವೇಗ ಅಳೆದರು. ಇಂಗ್ಲಿಷಿನವರು ನಿಮಿಷಕ್ಕೆ ಸರಾಸರಿ 228 ಪದ ಓದಿದರು, ಫಿನ್ಲೆಂಡಿನವರು 161. ಫಿನ್ಲೆಂಡಿನವರು ಮಂದಬುದ್ಧಿಯವರೇ? ಅಲ್ಲ! ನಮ್ಮಂತೆಯೇ ಪ್ರತ್ಯಯ ಸೇರಿಸಿ ಸೇರಿಸಿ ಪದ ಕಟ್ಟುವ ಭಾಷೆ ಅವರದು, ಪದಗಳೇ ಉದ್ದ. 650 ಪದದ ಲೇಖನ ಇಂಗ್ಲಿಷ್ ವೇಗದಲ್ಲಿ ಮೂರು ನಿಮಿಷದೊಳಗೆ ಮುಗಿದರೆ, ಫಿನ್ನಿಷ್ ವೇಗದಲ್ಲಿ ನಾಲ್ಕು ನಿಮಿಷ. ಆ 17ರಲ್ಲಿ ಕನ್ನಡವಿರಲಿಲ್ಲ, ಭಾರತದ ಒಂದು ಭಾಷೆಯೂ ಇರಲಿಲ್ಲ. ರಾಜ್ಯೋತ್ಸವದಲ್ಲಿ ಮೂರು ನಿಮಿಷದ ಭಾಷಣಕ್ಕೆ ಯಂತ್ರವನ್ನು ನಂಬಿ ಹೋದರೆ, ಮಾತು ಮುಗಿಯುವ ಮೊದಲೇ ಗಂಟೆ ಬಾರಿಸುತ್ತಾರೆ.

ಅಳೆಯಲು ಬಾರದ ಜನವೇ ನಾವು? ನಮ್ಮ ಛಂದಸ್ಸು ಅಕ್ಷರವನ್ನಷ್ಟೇ ಅಲ್ಲ, ಅದನ್ನು ಉಚ್ಚರಿಸುವ ಕಾಲವನ್ನೂ ಅಳೆದಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಕಂದಪದ್ಯಕ್ಕೆ 64 ಮಾತ್ರೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹತ್ತನೆಯ ಶತಮಾನದಲ್ಲೇ ನಾಗವರ್ಮ ‘ಛಂದೋಂಬುಧಿ’ ಬರೆದ. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರಲ್ಲಿ ಹದಿನಾರು ಸಾಲು ಕೆತ್ತಿದವನಿಗೆ ಕಲ್ಲಿನಲ್ಲಿ ಎಷ್ಟು ಜಾಗವಿದೆ ಎಂಬುದು ಗೊತ್ತಿತ್ತು!

ಈಗ ನೋವಿನ ಸಂಗತಿ ಕೇಳಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಅರಸೀಕೆರೆಯಿಂದ ಬೇಲೂರಿನವರೆಗೆ ಸಿಹಿ ಹಂಚಿದರೂ ಸಾಲದ ಸಂತೋಷ ಅದು. ಅದೇ ತಿಂಗಳು ಯೂನಿಕೋಡಿನ 15.1ನೇ ಆವೃತ್ತಿ ಬಂತು. ಒತ್ತಕ್ಷರವನ್ನು ಒಡೆಯದೆ ಒಂದೇ ಅಕ್ಷರವಾಗಿ ಹಿಡಿಯಬೇಕೆಂಬ ನಿಯಮ ಅದರಲ್ಲಿ ಸೇರಿತು. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡದ ಹೆಸರು ಆ ಪಟ್ಟಿಯಲ್ಲಿರಲಿಲ್ಲ! ನಮ್ಮ ಕಲ್ಲಿಗೆ ಜಗತ್ತಿನ ಮನ್ನಣೆ, ಆ ಕಲ್ಲಿನ ಮೇಲಿರುವ ಅಕ್ಷರಕ್ಕೆ ಪಂಕ್ತಿಯಲ್ಲಿ ಎಲೆಯಿಲ್ಲ!

ಪಕ್ಕದವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪಾಲು ಕೇಳುತ್ತಿದ್ದೇವೆ, ಅಷ್ಟೆ. ಯೂನಿಕೋಡ್ ಸಂಸ್ಥೆ ಯಾರು ಬೇಕಾದರೂ ಸಲ್ಲಿಸುವ ಪ್ರಸ್ತಾವನೆಯನ್ನು ಪರಿಶೀಲಿಸುತ್ತದೆ. ಸರ್ಕಾರ, ವಿಶ್ವವಿದ್ಯಾಲಯಗಳು, ಕನ್ನಡ ತಂತ್ರಾಂಶ ಬಲ್ಲವರು ಒಟ್ಟಾಗಿ ಈ ಕೆಲಸ ಬೆನ್ನು ಹತ್ತಬೇಕು. ಸರ್ಕಾರಿ ಅರ್ಜಿಗಳ ಮಿತಿ ಕನ್ನಡದ ಅಕ್ಷರದಲ್ಲಿರಬೇಕು. ಕನ್ನಡ ಓದಿನ ವೇಗವನ್ನು ನಮ್ಮ ಶಾಲೆ ಕಾಲೇಜುಗಳಲ್ಲೇ ಅಳೆಯಬೇಕು.

ಬೆಂಗಳೂರಿನ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವ ತಮ್ಮಂದಿರೇ, ತಂಗಿಯರೇ, ಊರಿನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಕೆಲಸ ಬೇಕೇ? ಕನ್ನಡದ ಅಕ್ಷರವನ್ನು ಅಕ್ಷರವಾಗಿ ಎಣಿಸುವ ಒಂದು ಸಾಧನ ಮಾಡಿ ಎಲ್ಲರಿಗೂ ಬಿಟ್ಟುಕೊಡಿ. ಅಲ್ಲಿಯವರೆಗೆ ಉಳಿದವರು ಒಂದು ಪುಟ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ನಿಮ್ಮ ವೇಗ ನಿಮಗೇ ಸಿಗುತ್ತದೆ. ಯಂತ್ರದ ಸುಳ್ಳಿಗಿಂತ ಅದು ಮೇಲು.

ಎಣಿಕೆಯಲ್ಲಿ ತಪ್ಪಿಸಿಕೊಂಡ ಭಾಷೆ ಹಂಚಿಕೆಯಲ್ಲೂ ತಪ್ಪಿಸಿಕೊಳ್ಳುತ್ತದೆ. ಎಚ್ಚರ!

ಸಿರಿಗನ್ನಡಂ ಗೆಲ್ಗೆ!