ಕೂಡಿದ ಸಭೆಯಲ್ಲಿ ಹುಟ್ಟುವ ಹಾಡು

ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಸಂಗೀತವನ್ನು ಕಲಿತು ಹಾಡಿದವರಿಗಿಂತ ಕಲಿಯದೆ ಹಾಡಿದವರೇ ಹೆಚ್ಚು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿ ಒಂದು ಸಣ್ಣ ಧಾಟಿಯನ್ನು ಹಿಡಿಯುತ್ತಿದ್ದಳು. ತವರಿನ ನೆನಪು, ಅಣ್ಣನ ಬರವು, ಶಿವನ ಸ್ಮರಣೆ, ಆ ಹೊತ್ತಿಗೆ ಮನಸ್ಸಿಗೆ ಬಂದದ್ದು ಮೂರು ಸಾಲಿನ ತ್ರಿಪದಿಯಾಗಿ ಆ ಧಾಟಿಗೆ ಹೊಂದಿಕೊಳ್ಳುತ್ತಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಅಂಥ ತೊಟ್ಟಿಲನ್ನು ತೂಗುವಾಗಿನ ಜೋಗುಳದಲ್ಲಿಯೂ ಕೂಸಿನ ಹೆಸರು, ಸೋದರಮಾವನ ಹೆಸರು ಅಲ್ಲಿಯೇ ಬಂದು ಸೇರುತ್ತಿದ್ದವು. ಇದಕ್ಕೆ ಆಶುರಚನೆ ಎಂಬ ದೊಡ್ಡ ಹೆಸರನ್ನು ಆ ತಾಯಂದಿರು ಕೊಡಲಿಲ್ಲ.

ಇದೇ ಗುಣವು ಜಾತ್ರೆಯ ಬಯಲಿನಲ್ಲಿ ಪಂಥವಾಗಿ ನಿಲ್ಲುತ್ತದೆ. ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬನ್ನು ರಾತ್ರಿಯಿಡೀ ಕುಳಿತು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಮೇಳ ಶಿವನ ಹಿರಿಮೆಯನ್ನು ಹಿಡಿದರೆ ಇನ್ನೊಂದು ಶಕ್ತಿಯದನ್ನು ಹಿಡಿಯುತ್ತದೆ. ಒಬ್ಬರು ಒಗಟಿನಂಥ ಪ್ರಶ್ನೆಯನ್ನು ಹಾಡಿನಲ್ಲಿ ಒಡ್ಡಿದರೆ ಇನ್ನೊಬ್ಬರು ಹಾಡಿನಲ್ಲಿಯೇ ಉತ್ತರಿಸಬೇಕು. ಅವರು ಹಾಡುವುದೆಲ್ಲವೂ ಆಗಲೇ ಹುಟ್ಟಿದ್ದಲ್ಲ; ಕಟ್ಟಿಟ್ಟ ಲಾವಣಿಗಳ ದೊಡ್ಡ ಗಂಟೇ ಅವರ ಬಳಿಯಲ್ಲಿ ಇರುತ್ತದೆ. ಆದರೆ ಎದುರಾಳಿಯ ಮಾತಿಗೆ ತಕ್ಕಂತೆ ಯಾವುದನ್ನು ಬಿಚ್ಚಬೇಕು, ಎಲ್ಲಿ ಒಂದು ನುಡಿಯನ್ನು ಹೊಸದಾಗಿ ಜೋಡಿಸಬೇಕು ಎಂಬುದು ಆ ಕ್ಷಣದ ನಿರ್ಣಯ. ದಪ್ಪಿನ ಪೆಟ್ಟು ಸ್ವಲ್ಪ ಬಿರುಸಾದ ಕೂಡಲೇ ಜನರು ಮುಂದಕ್ಕೆ ಬಾಗಿ ಕೂಡುತ್ತಾರೆ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆದುದೂ ಬೇರೆ ಸಂಗತಿಯಲ್ಲ ಎಂದು ನಮಗೆ ತೋರುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು (1886-1952). ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದರು. ಹುಡುಗ ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತರು. ಗುರು ಕೊಡುತ್ತಿದ್ದ ಚೀಜು ಎರಡು ನಾಲ್ಕು ಸಾಲಿನದು. ಅದನ್ನು ಮುಕ್ಕಾಲು ಗಂಟೆ ಬೆಳೆಸುವ ಬಢತ್ತು ಹಾಡುವವನದು. ಒಂದೇ ಗುರುವಿನ ಶಿಷ್ಯರಾದ ಈ ಇಬ್ಬರ ಗಾಯನವು ಒಂದರಂತೆ ಒಂದಿರದಿರಲು ಕಾರಣವೂ ಇದೇ.

ಈ ಕಿವಿಯನ್ನು ಇಟ್ಟುಕೊಂಡು ಜಾಜ್ ಕೇಳಿದರೆ ಅದು ಪರಕೀಯವೆನಿಸುವುದಿಲ್ಲ. ಅದು ಹೋಟೆಲುಗಳಲ್ಲಿ ಕುಣಿಯಲು ಬಾರಿಸುವ ಗದ್ದಲ ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಇದೆ. ವಾಸ್ತವವಾಗಿ ಅದು ಅಮೇರಿಕೆಯಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಜನರ ಸಂತತಿಯವರು, ದುಡಿಮೆಯ ಹಾಡು, ಪ್ರಾರ್ಥನೆಯ ಹಾಡು ಮತ್ತು ಬ್ಯಾಂಡಿನ ವಾದ್ಯಗಳನ್ನು ಕೂಡಿಸಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪಿಸಿದ ಸಂಗೀತ. ಅದರ ಬೇರಿನಲ್ಲಿರುವ ಬ್ಲೂಸ್ ಎಂಬ ಹಾಡಿನ ನುಡಿಯು ಸಾಮಾನ್ಯವಾಗಿ ಮೂರು ಸಾಲಿನದು: ಮೊದಲ ಸಾಲು, ಅದೇ ಮತ್ತೊಮ್ಮೆ, ಬಳಿಕ ಅದಕ್ಕೊಂದು ಉತ್ತರ. ನಮ್ಮ ಬೀಸುವ ಪದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ದುಡಿಯುವವರ ಬಾಯಲ್ಲಿ ಎರಡು ದೂರದ ದೇಶಗಳಲ್ಲಿ ಮೂರು ಸಾಲುಗಳೇ ನಿಂತುವಲ್ಲ ಎಂಬ ಸೋಜಿಗವು ನಮ್ಮನ್ನು ಬಿಟ್ಟಿಲ್ಲ.

ಜಾಜ್ ವಾದಕರು ಮೊದಲು ಒಂದು ಪರಿಚಿತ ಧಾಟಿಯನ್ನು ಕೂಡಿ ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದೇ ಆವರ್ತನದ ಮೇಲೆ ತಮ್ಮ ಮನೋಧರ್ಮವನ್ನು ಹರಿಯಬಿಡುತ್ತಾರೆ. ಕೊನೆಗೆ ಎಲ್ಲರೂ ಮೂಲ ಧಾಟಿಗೆ ಮರಳುತ್ತಾರೆ. ಆವರ್ತನದ ತಲೆಯನ್ನು ಬೆರಳಿನಲ್ಲಿ ಎಣಿಸುತ್ತ ಕುಳಿತರೆ, ಸಮ್ಮಿಗೆ ಬಂದಾಗ ತಲೆದೂಗುವ ನಮ್ಮ ಅಭ್ಯಾಸ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೊಫೋನ್ ವಾದಕರು ನಾಟಕವೊಂದರ ಸರಳ ಹಾಡನ್ನು 1960ರಲ್ಲಿ ಎತ್ತಿಕೊಂಡು ಹದಿಮೂರು ನಿಮಿಷಕ್ಕೂ ಮಿಗಿಲಾಗಿ ಬೆಳೆಸಿದರು. ಕಂಪನಿ ನಾಟಕದ ಪದಗಳನ್ನು ರಾಗವಾಗಿ ಬೆಳೆಸುತ್ತಿದ್ದ ನಮ್ಮ ಗವಾಯಿಗಳನ್ನು ಕೇಳಿದವರಿಗೆ ಇದು ಹೊಸದೇನಲ್ಲ.

ಧಾಟಿಯನ್ನೂ ತಾಳವನ್ನೂ ಕೈಬಿಟ್ಟ ಪ್ರಯೋಗಗಳ ಮಾತು ಬೇರೆ. ಅವುಗಳಲ್ಲಿ ಕೆಲವನ್ನು ನಾವು ಪೂರ್ತಿ ಕೇಳಲಾರದೆ ನಿಲ್ಲಿಸಿದ್ದೇವೆ, ಮತ್ತೆ ಹಚ್ಚುವ ಮನಸ್ಸೂ ಆಗಿಲ್ಲ. ಆದರೆ ಟೆರಿ ರೈಲಿ ಎಂಬವರು 1964ರಲ್ಲಿ ರಚಿಸಿದ 'ಇನ್ ಸಿ' ನಮಗೆ ಹಿಡಿಸಿತು. ಅದರಲ್ಲಿ ಇರುವುದು 53 ಸಣ್ಣ ಸ್ವರಗುಚ್ಛಗಳು. ಯಾವುದನ್ನು ಎಷ್ಟು ಸಲ ನುಡಿಸಬೇಕೆಂಬುದನ್ನು ಪ್ರತಿಯೊಬ್ಬ ವಾದಕನೂ ಉಳಿದವರನ್ನು ಆಲಿಸಿ ತಾನೇ ನಿರ್ಧರಿಸುತ್ತಾನೆ. ಹೋಳಿಯಲ್ಲಿ ಹತ್ತಾರು ಜಗ್ಗಲಿಗೆಗಳು ಒಟ್ಟಿಗೆ ಮೊಳಗುವಾಗ ಒಬ್ಬನ ಪೆಟ್ಟು ಇನ್ನೊಬ್ಬನದರಲ್ಲಿ ಕೂಡುವ ಬಗೆಯನ್ನು ಬಲ್ಲವರಿಗೆ ಇದರ ಒಳದಾರಿ ಬೇಗನೆ ಸಿಗುತ್ತದೆ. ಇನ್ನೊಂದು ಸಂಗತಿ: ಈ ರೈಲಿಯವರು 1970ರಲ್ಲಿ ಪಂಡಿತ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾಣಾ ಘರಾಣೆ. ಕುಂದಗೋಳದ ವಾಡೆಗೂ ಅಮೇರಿಕೆಯ ಪ್ರಯೋಗಶೀಲ ಸಂಗೀತಕ್ಕೂ ಹೀಗೊಂದು ದಾಯಾದಿ ಸಂಬಂಧವಿದೆ.

ಕನ್ನಡಿಗರೂ ಈ ಕೂಟದಿಂದ ಹೊರಗುಳಿದಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ದಂಪತಿಗಳು ಅಮೇರಿಕೆಯ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ತಂದರು. ಅಮೇರಿಕೆಯಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನವರು ಜಾಜ್ ಸ್ಯಾಕ್ಸೊಫೋನ್ ವಾದಕರು. ಅವರ ಅಣ್ಣ ತಮಾಷೆಗೆಂದು ನಮ್ಮ ಕದ್ರಿ ಗೋಪಾಲನಾಥರ ಧ್ವನಿಮುದ್ರಿಕೆಯನ್ನು ಕಾಣಿಕೆಯಾಗಿ ಕೊಟ್ಟರಂತೆ. ತಮಾಷೆಯ ಕಾಣಿಕೆಯನ್ನು ತಮ್ಮ ಗಂಭೀರವಾಗಿ ಸ್ವೀಕರಿಸಿದರು. ಕೊನೆಗೆ ಗೋಪಾಲನಾಥರೊಂದಿಗೇ ನುಡಿಸಿ 2008ರಲ್ಲಿ 'ಕಿನ್ಸ್‌ಮೆನ್', ಅಂದರೆ ಬಂಧುಗಳು, ಎಂಬ ಮುದ್ರಿಕೆಯನ್ನು ಹೊರತಂದರು.

ಇಷ್ಟೆಲ್ಲ ಹೇಳಲು ಕಾರಣ ನಮ್ಮ ಸಮಾಜದ ಸಮಾರಂಭಗಳು. ಈಚೆಗೆ ವಚನಗಾಯನ ಸ್ಪರ್ಧೆಗಳಲ್ಲಿ ಮಕ್ಕಳು 'ಟ್ರ್ಯಾಕ್' ಹಚ್ಚಿ ಹಾಡುವುದು ರೂಢಿಯಾಗುತ್ತಿದೆ. ಮೊಬೈಲಿನಲ್ಲಿ ವಾದ್ಯಮೇಳ ಮೊದಲೇ ಮುದ್ರಿತವಾಗಿರುತ್ತದೆ. ಮಗು ಅದರ ಬೆನ್ನು ಹತ್ತಿ ಓಡಬೇಕು. ಒಂದು ಮಾತಿನ ಮೇಲೆ ಅರೆಗಳಿಗೆ ನಿಲ್ಲಬೇಕೆನಿಸಿದರೂ ಯಂತ್ರ ನಿಲ್ಲುವುದಿಲ್ಲ. ಮೂಲ ಮುದ್ರಿಕೆಯಿಂದ ಒಂದು ಸ್ವರ ಆಚೀಚೆಯಾದರೆ ಅಂಕ ಕಡಿತ. ವಚನಗಳಿಗೆ ರಾಗ ಸಂಯೋಜಿಸಿ ಮುದ್ರಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆ ಮುದ್ರಿಕೆಗಳಿಂದಲೇ ಎಷ್ಟೋ ಮನೆಗಳಿಗೆ ವಚನಗಳು ಮುಟ್ಟಿವೆ. ಆದರೆ ಮುರುಘಾಮಠದ ಮೃತ್ಯುಂಜಯಪ್ಪಗಳ ಭಕ್ತರಾಗಿ, ತಮ್ಮ ಮನೆಗೆ 'ಮೃತ್ಯುಂಜಯ' ಎಂದೇ ಹೆಸರಿಟ್ಟ ಮಲ್ಲಿಕಾರ್ಜುನ ಮನಸೂರರು (1910-1992) ವಚನ ಹಾಡಿದ ಬಗೆ ಯಾವುದು? ಒಂದೇ ಸಾಲನ್ನು ಮರಳಿ ಮರಳಿ ಹಿಡಿದು, ಪ್ರತಿ ಸಲವೂ ಬೇರೊಂದು ದಿಕ್ಕಿನಿಂದ ಅದರ ಅರ್ಥದ ಸಮೀಪ ಹೋಗುತ್ತಿದ್ದರು. ಟ್ರ್ಯಾಕಿನ ಹಿಂದೆ ಓಡುವ ಮಗುವಿಗೆ ಆ ದಾರಿಯೇ ಮುಚ್ಚಿದೆ.

ನವಲಗುಂದದ ಕಡೆಯ ಒಂದು ಹಳ್ಳಿಯ ಸ್ಪರ್ಧೆಯಲ್ಲಿ ನಡುವೆಯೇ ವಿದ್ಯುತ್ತು ಹೋಯಿತು. ಧ್ವನಿವರ್ಧಕದೊಂದಿಗೆ ವಾದ್ಯಮೇಳವೂ ಅಡಗಿ, ಹತ್ತು ಹನ್ನೆರಡು ವರ್ಷದ ಬಾಲಕಿ ವಚನದ ಅರ್ಧದಲ್ಲಿ ನಿಂತುಬಿಟ್ಟಳು. ಭಜನಾ ಮೇಳದ ಹಿರಿಯರೊಬ್ಬರು ಎದ್ದು ಬಂದು ದಮ್ಮಡಿ ಹಿಡಿದು, "ಹಾಡವ್ವಾ, ನಾ ಬಾರಸ್ತೀನಿ" ಎಂದರು. "ಮುಂದ ಮ್ಯೂಜಿಕ್ ಐತಿ ಅಜ್ಜಾರ, ಅದು ಮುಗೀಮಟಾ ನಾ ನಿಂದರಬೇಕು" ಎಂದಳು ಹುಡುಗಿ. "ಅದೇನೂ ಇಲ್ಲ, ನಿನಗ ಬಂದಂಗ ಹಾಡು." ಮೊದಲ ಸಾಲು ನಡುಗಿತು. ಅದೇ ಸಾಲನ್ನು ಎರಡನೆಯ ಸಲ ಎತ್ತಿದಾಗ ಧ್ವನಿ ನಿಂತಿತು. ಮೂರನೆಯ ಸಲ ಅವಳು ಟ್ರ್ಯಾಕಿನಲ್ಲಿ ಇಲ್ಲದ ಒಂದು ಸ್ವರಕ್ಕೆ ಹೋಗಿ ಬಂದಳು. ದಮ್ಮಡಿಯ ಅಜ್ಜ ತಲೆದೂಗಿದರು. ನಿಯಮದಲ್ಲಿ ಇದಕ್ಕೆ ಸ್ಥಾನವಿಲ್ಲದ ಕಾರಣ ತೀರ್ಪುಗಾರರು ಅವಳನ್ನು ಬಹುಮಾನಕ್ಕೆ ಪರಿಗಣಿಸಲಿಲ್ಲ. ಸಭೆಯವರು ಇನ್ನೊಂದು ವಚನ ಹಾಡಿಸಿಕೊಂಡೇ ಅವಳನ್ನು ಕೆಳಗೆ ಬಿಟ್ಟರು.

ಬರುವ ಬಸವ ಜಯಂತಿಯ ಸ್ಪರ್ಧೆಗಳ ನಿಯಮಾವಳಿ ಸಿದ್ಧಪಡಿಸುವ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ. ಟ್ರ್ಯಾಕಿನ ವಿಭಾಗ ಇರಲಿ. ಅದರ ಜೊತೆಗೆ ಶ್ರುತಿಪೆಟ್ಟಿಗೆ ಅಥವಾ ಏಕತಾರಿ ಮತ್ತು ಒಂದು ತಾಳವಾದ್ಯ ಮಾತ್ರ ಇರುವ ಇನ್ನೊಂದು ವಿಭಾಗವನ್ನು ಇಡಿರಿ. ಅದರಲ್ಲಿ ಒಂದೇ ವಚನಕ್ಕೆ ಐದು ನಿಮಿಷದ ಅವಧಿ ಕೊಡಿರಿ. ಬಾರಿಸಲು ಊರಿನ ಭಜನಾ ಮೇಳದವರನ್ನೇ ಕರೆಯಿರಿ.