ಡಬ್ಬಿ ಮೇಲಿನ ಹೆಸರು, ಡಬ್ಬಿ ಒಳಗಿನ ಕಾಗದ

ಕಾರು ಸರ್ವಿಸ್‌ಗೆ ಬಿಟ್ಟಾಗ ಎಂಜಿನ್ ಆಯಿಲ್ ಯಾವ ಕಂಪನಿಯದು ಅಂತ ನಮ್ಮಲ್ಲಿ ಬಹಳ ಜನ ಕೇಳ್ತೀವಿ. ಆಯಿಲ್ ಫಿಲ್ಟರ್ ಯಾವುದು ಅಂತ ಕೇಳೋರು ಕಮ್ಮಿ. ಬಿಲ್ಲಿನಲ್ಲಿ ಅದು ಕೆಲವು ನೂರು ರೂಪಾಯಿಯ ಒಂದು ಸಾಲು, ಅಷ್ಟೇ. ಆದರೆ ನಮ್ಮ ಮುಕ್ಕುಂದದ ಕಡೆ ಹಿರಿಯರು ಇದನ್ನ ತಪ್ಪದೇ ಕೇಳ್ತಾರೆ. ತುಂಗಭದ್ರೆಯ ದಂಡೆಯ ಭತ್ತದ ಸೀಮೆ ಇದು. ಕೆಸರುಗದ್ದೆಯಲ್ಲಿ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಬೆಳಗಿನಿಂದ ಸಂಜೆವರೆಗೂ ಓಡಬೇಕು. ಅಂಥ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ನಾಟಿಯೇ ನಿಂತುಹೋಗುತ್ತೆ. ಹಾಗಾಗಿ ಸಿಂಧನೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದವರು ಮೊದಲು ಹೇಳೋದೇ ಕಂಪನಿಯ ಹೆಸರು: "ಮೈಕೋದು ಇದ್ರ ಕೊಡ್ರಿ, ಬ್ಯಾರೇದು ಬ್ಯಾಡ."

ತಮಾಷೆ ಏನಂದ್ರೆ, ಮೈಕೋ ಅನ್ನೋ ಹೆಸರಿನ ಕಂಪನಿ ಈಗಿಲ್ಲ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಬೆಂಗಳೂರು ಆಡುಗೋಡಿಯ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್‌ನಿಂದ ಗಳಿಸಿದ ನಂಬಿಕೆ ಅದು. ಹೆಸರು ಬದಲಾದರೂ ನಂಬಿಕೆ ಬದಲಾಗಲಿಲ್ಲ. ಅದೇ ನಂಬಿಕೆ ಪಂಪ್‌ನಿಂದ ಫಿಲ್ಟರ್‌ಗೂ, ಟ್ರ್ಯಾಕ್ಟರ್‌ನಿಂದ ಮಗನ ಕಾರಿಗೂ ದಾಟಿ ಬಂದಿದೆ. ಬೆಂಗಳೂರಿನಲ್ಲಿ ಕೆಲಸ ಮಾಡೋ ಮಗನಿಗೆ ಊರಿಂದ ಅಪ್ಪ ಫೋನ್ ಮಾಡಿ, "ತಮ್ಮಾ, ಗಾಡಿಗೆ ಒಳ್ಳೇ ಕಂಪನೀದ ಹಾಕ್ಸು" ಅಂತಾನೆ. ಮಗ "ಹೂಂ ಯಪ್ಪಾ" ಅಂತಾನೆ. ಒಳ್ಳೇದು ಯಾವುದು ಅಂತ ತಿಳಿಯೋದು ಹೇಗೆ ಅನ್ನೋದನ್ನ ಮಾತ್ರ ಇಬ್ಬರೂ ಮಾತಾಡಲ್ಲ.

ಮೊದಲು ಆ ಡಬ್ಬಿಯೊಳಗೆ ಏನಿದೆ ನೋಡೋಣ. ಅಂಚಿನ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಹೋಗಿ, ಮಡಿಕೆ ಮಡಿಕೆಯಾಗಿ ಮಡಚಿದ ಕಾಗದದ ಮೂಲಕ ಸೋಸಿಕೊಂಡು, ನಡುವಿನ ದೊಡ್ಡ ತೂತಿನಿಂದ ಎಂಜಿನ್‌ಗೆ ವಾಪಸ್ ಬರುತ್ತೆ. ಗಾಡಿ ನಿಂತಾಗ ಆಯಿಲ್ ಪೂರ್ತಿ ಕೆಳಗೆ ಇಳಿಯದ ಹಾಗೆ ಹಲವು ಫಿಲ್ಟರ್‌ಗಳಲ್ಲಿ ಒಂದು ರಬ್ಬರ್ ವಾಲ್ವ್ ಇರುತ್ತೆ. ಕಾಗದ ಕಟ್ಟಿಕೊಂಡರೆ ಎಂಜಿನ್ ಒಣಗಬಾರದು ಅಂತ, ಸೋಸದೇ ಆಯಿಲ್ ಬಿಡೋ ಬೈಪಾಸ್ ವಾಲ್ವ್ ಇನ್ನೊಂದು. ಹೊರಗೆ ಒಂದು ಗ್ಯಾಸ್ಕೆಟ್.

ತಯಾರಿಕೆಯ ದೋಷ ಇವುಗಳಲ್ಲಿ ಎಲ್ಲಾದರೂ ಬರಬಹುದು. ಕಾಗದದ ಅಂಚಿಗೆ ಅಂಟು ಸರಿಯಾಗಿ ಕೂತಿರದಿದ್ದರೆ ಆಯಿಲ್ ಸೋಸದೇ ಸಂದಿಯಿಂದ ನುಸುಳುತ್ತೆ. ರಬ್ಬರ್ ವಾಲ್ವ್ ಬಿರುಸಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಎಂಜಿನ್ ಕಟಕಟ ಅನ್ನುತ್ತೆ. ಬೈಪಾಸ್ ಸ್ಪ್ರಿಂಗ್ ಮೆತ್ತಗಿದ್ದರೆ ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಕೊಳೆ ಆಯಿಲ್ ತನ್ನ ಪಾಡಿಗೆ ತಿರುಗ್ತಾ ಇರುತ್ತೆ, ಬೇರಿಂಗ್ ತನ್ನ ಪಾಡಿಗೆ ಸವೀತಾ ಇರುತ್ತೆ. ಗ್ಯಾಸ್ಕೆಟ್ ದೋಷ ಮಾತ್ರ ಕಣ್ಣಿಗೆ ಕಾಣುತ್ತೆ, ನೆಲದ ಮೇಲೆ ಆಯಿಲ್ ಬಿದ್ದಿರುತ್ತೆ. ಅಂದರೆ ಫಿಲ್ಟರ್ ಕೆಟ್ಟಿದ್ದು ಬಹಳ ಸಲ ನಮಗೆ ಗೊತ್ತೇ ಆಗಲ್ಲ. ಗೊತ್ತಾಗಲ್ಲ ಅಂತಲೇ ಹೆಸರನ್ನು ನಂಬ್ತೀವಿ.

ನಂಬೋದು ತಪ್ಪಲ್ಲ. ತೊಂದರೆ ಶುರುವಾಗೋದು ಫಿಲ್ಟರ್ ನಿಜಕ್ಕೂ ಕೆಟ್ಟಾಗ. ಆ ಕಂಪನಿಯನ್ನ ನಂಬಿದವರು ಹೇಳೋದು ಒಂದೇ ಮಾತು: "ಅದು ಡುಪ್ಲಿಕೇಟ್ ಇರ್ಬೇಕ್ರೀ, ಕಂಪನಿ ಮಾಲ್ ಹಂಗ ಆಗಂಗಿಲ್ಲ." ನಂಬದವರದೂ ಒಂದೇ ಮಾತು: "ಆ ಕಂಪನೀದ ಎಲ್ಲಾ ಹಂಗೇ." ಎರಡೂ ಮಾತು ಮುಗಿಯೋ ಹೊತ್ತಿಗೆ ಕೆಟ್ಟ ಫಿಲ್ಟರ್ ಗ್ಯಾರೇಜಿನ ಗುಜರಿ ಡಬ್ಬಕ್ಕೆ ಬಿದ್ದಿರುತ್ತೆ. ನಿಜ ಏನು ಅಂತ ಹೇಳಬಹುದಾಗಿದ್ದ ಒಂದೇ ಒಂದು ವಸ್ತು ಅದು.

ದೋಷ ಬರೋದು ಹೆಸರು ನೋಡಿ ಅಲ್ಲ, ಬ್ಯಾಚ್ ನೋಡಿ. 2018ರ ಡಿಸೆಂಬರಿನಲ್ಲಿ ಮಾರುತಿ ಸುಝುಕಿ ತನ್ನ ಸೂಪರ್ ಕ್ಯಾರಿ ಗೂಡ್ಸ್ ಗಾಡಿಗಳಲ್ಲಿ 5,900ನ್ನು ತಪಾಸಣೆಗೆ ವಾಪಸ್ ಕರೆಯಿತು. ಅಲ್ಲಿ ಅನುಮಾನ ಇದ್ದಿದ್ದು ಆಯಿಲ್ ಫಿಲ್ಟರ್ ಮೇಲಲ್ಲ, ಫ್ಯೂಯಲ್ ಫಿಲ್ಟರ್ ಮೇಲೆ. ಆದರೆ ಕರೆದದ್ದು ಎಲ್ಲಾ ಸೂಪರ್ ಕ್ಯಾರಿಗಳನ್ನಲ್ಲ, ಅದೇ ವರ್ಷ ಏಪ್ರಿಲ್ 26ರಿಂದ ಆಗಸ್ಟ್ 1ರೊಳಗೆ ತಯಾರಾದವನ್ನು. ಅದೇ ಹೆಸರು, ಅದೇ ಮಾಡೆಲ್, ಬೇರೆ ತಿಂಗಳಾದರೆ ಚಿಂತೆಯಿಲ್ಲ. ದೊಡ್ಡ ಕಂಪನಿ ಅಂದ್ರೆ ದೋಷವೇ ಬರದ ಕಂಪನಿ ಅಲ್ಲ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಹುಡುಕಿ, ಹೊರಗೆ ಹೇಳೋ ಕಂಪನಿ. ಅದು ಹುಡುಕಬೇಕಂದ್ರೆ ನಮ್ಮಂಥವರು ಡಬ್ಬಿ ಮೇಲಿನ ಬ್ಯಾಚ್ ನಂಬರ್ ಹಿಡಿದು ದೂರು ಕೊಡಬೇಕು.

ಇನ್ನೊಂದು ಮಾತು. ನಾವು ನಿಷ್ಠೆ ಅಂದುಕೊಂಡಿದ್ದರಲ್ಲಿ ಒಂದಿಷ್ಟು ಬರೀ ಅನಿವಾರ್ಯ. ಕಂಪನಿಯ ಅಸಲಿ ಬಿಡಿಭಾಗಗಳು ಹೊರಗಿನ ಅಂಗಡಿ, ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದ ಹಾಗೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಆ ಆದೇಶವನ್ನು ಪ್ರಶ್ನಿಸಿ ಮೇಲೆ ಹೋದವು. ಅಸಲಿ ಮಾಲು ಸುಲಭಕ್ಕೆ ಸಿಗದ ಕಡೆ ನಕಲಿ ಮಾಲಿಗೆ ಜಾಗ ಸಿಗುತ್ತೆ. ಅಪ್ಪಂದಿರ ಹೆಸರಿನ ಮೇಲಿನ ಹಟಕ್ಕೆ ಈ ನಕಲಿಯ ಭಯವೂ ಒಂದು ಕಾರಣ. ಆದರೆ ನಕಲಿ ಮಾಡೋನು ಕದಿಯೋದೂ ಅದೇ ಹೆಸರನ್ನೇ ಅನ್ನೋದು ನೆನಪಿರಲಿ.

ಹಾಗಾದ್ರೆ ಮಾಡೋದೇನು? ಫಿಲ್ಟರ್ ಹಾಕಿಸುವಾಗ ಡಬ್ಬಿಯ ಪಾರ್ಟ್ ನಂಬರ್, ಬ್ಯಾಚ್ ನಂಬರ್ ಕಾಣೋ ಹಾಗೆ ಮೊಬೈಲಲ್ಲಿ ಒಂದು ಫೋಟೊ ತೆಗೀರಿ. ಬಿಲ್ಲಿನಲ್ಲಿ ಬರೀ "ಫಿಲ್ಟರ್" ಅಂತ ಬರೆದರೆ ಒಪ್ಪಬೇಡಿ, ಕಂಪನಿ ಹೆಸರು, ಪಾರ್ಟ್ ನಂಬರ್ ಬರೆಸಿ. "99 ಪರ್ಸೆಂಟ್ ಸೋಸುತ್ತೆ" ಅಂತ ಡಬ್ಬಿ ಮೇಲಿದ್ದರೆ ಎಷ್ಟು ಮೈಕ್ರಾನ್ ಕಣದ ಲೆಕ್ಕ ಅಂತ ನೋಡಿ. ಮೈಕ್ರಾನ್ ಹೇಳದ ಪರ್ಸೆಂಟ್‌ಗೆ ಅರ್ಥವಿಲ್ಲ.

ಲೀಕ್ ಆದ ತಕ್ಷಣ ಕಂಪನಿಯನ್ನೂ ಬೈಯಬೇಡಿ. ಹಳೇ ಫಿಲ್ಟರ್‌ನ ಗ್ಯಾಸ್ಕೆಟ್ ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೂ ಲೀಕ್ ಆಗುತ್ತೆ. ಪಾನಾ ಹಾಕಿ ಅತಿಯಾಗಿ ಬಿಗಿ ಮಾಡಿದರೂ ಗ್ಯಾಸ್ಕೆಟ್ ಹಾಳಾಗುತ್ತೆ. ಅದು ಕೈಕೆಲಸದ ತಪ್ಪು, ಕಾರ್ಖಾನೆಯದಲ್ಲ.

ಫಿಲ್ಟರ್‌ನಿಂದಲೇ ಎಂಜಿನ್ ಹಾಳಾಯ್ತು ಅನ್ನೋ ಅನುಮಾನ ಬಂದರೆ ಮೊದಲು ಗಾಡಿ ಆಫ್ ಮಾಡಿ. ಆಯಿಲ್ ಪ್ರೆಶರ್ ಲೈಟ್ ಹತ್ತಿದ ಮೇಲೂ "ಮುಂದಿನ ಊರಿಗೆ ಹೋಗೋಣ" ಅಂತ ಓಡಿಸಿದರೆ ಎಂಜಿನ್ ಉಳಿಯಲ್ಲ, ಕೇಸೂ ನಿಲ್ಲಲ್ಲ. ಆಮೇಲೆ ಆ ಫಿಲ್ಟರನ್ನ ಮೆಕ್ಯಾನಿಕ್‌ನಿಂದ ಕೇಳಿ ಇಸ್ಕೊಳ್ಳಿ. ಕುತೂಹಲಕ್ಕೆ ಕತ್ತರಿಸಿ ನೋಡಬೇಡಿ. ಇದ್ದ ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಸ್ವಲ್ಪ ಹಳೇ ಆಯಿಲನ್ನೂ ಬಾಟಲಿಯಲ್ಲಿ ಇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷದ ಮಾಲಿಗೆ ತಯಾರಕ, ಮಾರಾಟಗಾರ, ಸರ್ವಿಸ್ ಮಾಡಿದವನು ಮೂವರನ್ನೂ ಹೊಣೆ ಮಾಡೋಕೆ ಅವಕಾಶ ಇದೆ. ಬೇಕಾದರೆ ಆಯೋಗವೇ ಆ ವಸ್ತುವನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತೆ. ಕಳಿಸೋಕೆ ವಸ್ತು ಇರಬೇಕಲ್ಲ! ದೂರು ಕೊಡೋಕೆ ಎರಡು ವರ್ಷ ಸಮಯ ಇದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಸಿಂಧನೂರಿನಲ್ಲಿ ಕೊಂಡ ಮಾಲಿಗೆ ನೀವು ವಾಸ ಇರೋ ಬೆಂಗಳೂರಿನಲ್ಲೇ ದೂರು ಕೊಡಬಹುದು. ದಾರಿ ಗೊತ್ತಾಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಪ್ಪನ ಕಾಲದಲ್ಲಿ ಪರೀಕ್ಷೆ ಮಾಡೋಕೆ ಬೇರೆ ದಾರಿ ಇರಲಿಲ್ಲ, ಹೆಸರೇ ಗ್ಯಾರಂಟಿ ಕಾರ್ಡ್ ಆಗಿತ್ತು. ನಮ್ಮ ಜೇಬಿನಲ್ಲಿ ಕ್ಯಾಮೆರಾ ಇದೆ, ಕೈಯಲ್ಲಿ ಕಾಯ್ದೆ ಇದೆ. ಇಷ್ಟದ ಕಂಪನಿಯನ್ನ ಬಿಡಬೇಕಾಗಿಲ್ಲ. ಅದರ ಹೆಸರಿನ ಜೊತೆಗೆ ಬಿಲ್ಲನ್ನೂ ಇಟ್ಟುಕೊಳ್ಳೋಣ. ಒಳ್ಳೇ ಕಂಪನಿಗೆ ಅದರಿಂದ ಯಾವ ನಷ್ಟವೂ ಇಲ್ಲ.