ಜವಾನನ ಅರ್ಜಿಗೂ ಉತ್ತರ ದೊರೆಯಲಿ

ಶಾಲೆಗಳ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಹತ್ತಿರವಾಗುತ್ತಿದ್ದಂತೆ ಜಾಲಹಳ್ಳಿ, ಪೀಣ್ಯ, ದಾಸರಹಳ್ಳಿ, ಯಲಹಂಕ ಸುತ್ತಿನ ನಮ್ಮ ದೇವಾಲಯಗಳ ಅಂಗಳದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಪೋಸ್ಟಿಂಗ್ ಬಂದಿದೆ ಫಾದರ್.” ಭಾನುವಾರದ ಬಲಿಪೂಜೆಯ ನಂತರ ಗುರುಗಳ ಕಚೇರಿಯ ಮುಂದೆ ನಿಲ್ಲುವ ಇಂತಹ ಕುಟುಂಬಕ್ಕೆ ಮಕ್ಕಳ ಜ್ಞಾನಸ್ನಾನದ ಪತ್ರ ಬೇಕು, ಧರ್ಮೋಪದೇಶ ತರಗತಿಯ ಪ್ರಮಾಣಪತ್ರ ಬೇಕು, ಹೋಗುವ ಊರಿನ ಧರ್ಮಕೇಂದ್ರಕ್ಕೆ ಒಂದು ಪರಿಚಯ ಪತ್ರ ಬೇಕು. ಒಬ್ಬರು ಜೋರ್ಹಾಟಿಗೆ, ಇನ್ನೊಬ್ಬರು ಭುಜ್‌ಗೆ, ಮತ್ತೊಬ್ಬರು ಅಂಬಾಲಕ್ಕೆ. ಹೋಗುವವರ ಮುಖದಲ್ಲಿ ದೂರಿಲ್ಲ, ಆದರೆ ಬಳಲಿಕೆಯಿದೆ. ಈ ಬಳಲಿಕೆಯ ಕಾರಣವನ್ನು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ನಮ್ಮ ಬೆಂಗಳೂರಿನ ಉತ್ತರದ ಅಂಚು ಸೇನೆಯ ನೆರಳಿನಲ್ಲೇ ಬೆಳೆದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯಲ್ಲಿ ದೊಡ್ಡ ಸೈನಿಕ ಆಸ್ಪತ್ರೆಯಿತ್ತು. ಇಟಲಿಯ ಯುದ್ಧಕೈದಿಗಳ ಶಿಬಿರಗಳು ನಗರದ ಸುತ್ತ ಇದ್ದವು. ಸ್ವಾತಂತ್ರ್ಯಾನಂತರ ವಾಯುಪಡೆಯ ತರಬೇತಿ ಸಂಸ್ಥೆಗಳು ಅಲ್ಲಿ ನೆಲೆಯೂರಿದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಸೇವೆಯಿಂದ ನಿವೃತ್ತರಾದ ಎಷ್ಟೋ ಏರ್‌ಮನ್‌ಗಳು ತಾವು ಕಲಿತ ಕಸುಬನ್ನೇ ನಂಬಿ ಇಲ್ಲಿನ ಕಾರ್ಖಾನೆಗಳನ್ನು ಸೇರಿ, ಇಲ್ಲೇ ಮನೆ ಕಟ್ಟಿ, ನಮ್ಮ ಧರ್ಮಕೇಂದ್ರಗಳ ಆಧಾರಸ್ತಂಭಗಳಾದರು. ಕನ್ನಡ, ತಮಿಳು, ಮಲಯಾಳ, ಕೊಂಕಣಿ ಮಾತನಾಡುವವರು ಒಂದೇ ಪೀಠದ ಮುಂದೆ ಮೊಣಕಾಲೂರುವ ಸೊಬಗು ಈ ಭಾಗಕ್ಕೆ ಬಂದದ್ದರಲ್ಲಿ ಸೇನಾ ವರ್ಗಾವಣೆಗಳ ಪಾಲೂ ಇದೆ. ಆದುದರಿಂದ ಜವಾನನ ವರ್ಗಾವಣೆ ಎಲ್ಲೋ ದೆಹಲಿಯ ವಿಷಯ ಎಂದು ನಾವು ಕೈಬಿಡುವಂತಿಲ್ಲ.

ನಾವಿಲ್ಲಿ ಅಧಿಕಾರಿಗಳ ಮಾತನ್ನಾಡುತ್ತಿಲ್ಲ. ಸಿಪಾಯಿ, ನಾಯಕ್, ಹವಾಲ್ದಾರ್, ಕಾರ್ಪೊರಲ್, ಸಾರ್ಜೆಂಟ್, ನಾವಿಕ ಎಂಬ ಹೆಸರುಗಳಿಂದ ಸೇನೆಯ ಬಹುಭಾಗವಾಗಿರುವವರ ಮಾತನ್ನಾಡುತ್ತಿದ್ದೇವೆ. ಇವರ ಮುಂದಿನ ಸ್ಥಳವನ್ನು ನಿರ್ಧರಿಸುವುದು ದಾಖಲೆ ಕಚೇರಿಗಳು. ವಾಯುಪಡೆಯ ಏರ್‌ಮನ್‌ಗಳಿಗೆ ದೆಹಲಿಯ ಸುಬ್ರೊತೊ ಪಾರ್ಕಿನಲ್ಲಿರುವ ವಾಯುಪಡೆ ದಾಖಲೆ ಕಚೇರಿ. ನಾವಿಕರಿಗೆ ಮುಂಬಯಿಯ ನಾವಿಕರ ಬ್ಯೂರೊ. ಭೂಸೇನೆಯಲ್ಲಿ ಪ್ರತಿಯೊಂದು ರೆಜಿಮೆಂಟಿಗೂ ದಳಕ್ಕೂ ಅದರದೇ ಕಚೇರಿ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಜವಾನನ ಕಡತವಿರುವುದು ನಮ್ಮ ಬೆಂಗಳೂರಿನಲ್ಲಿಯೇ.

ಹಾಗಾದರೆ ಜವಾನನು ತನ್ನ ಮುಂದಿನ ಸ್ಥಳವನ್ನು ಕೇಳುವಂತೆಯೇ ಇಲ್ಲವೇ? ಕೇಳಬಹುದು. ತನಗೆ ಅನುಕೂಲವಾದ ಸ್ಥಳಗಳನ್ನು ಆದ್ಯತೆಯ ಕ್ರಮದಲ್ಲಿ ಸೂಚಿಸಬಹುದು. ತಂದೆತಾಯಿಯರ ಗಂಭೀರ ಕಾಯಿಲೆ, ವಿಶೇಷ ಆರೈಕೆ ಬೇಕಾದ ಮಗು, ಮಗನ ಅಥವಾ ಮಗಳ ಹತ್ತನೆಯ, ಹನ್ನೆರಡನೆಯ ತರಗತಿಯ ಪರೀಕ್ಷೆ, ಪತ್ನಿಯ ಉದ್ಯೋಗ, ನಿವೃತ್ತಿಗೆ ಮುಂಚಿನ ಕೊನೆಯ ವರ್ಷಗಳು, ಇವೆಲ್ಲ ಸೇನೆಯೂ ಕಿವಿಗೊಡುವ ಕಾರಣಗಳೇ. ಅರ್ಜಿಯು ತನ್ನ ವಿಭಾಗದ ಅಧಿಕಾರಿಯ ಮೂಲಕ ಕಮಾಂಡಿಂಗ್ ಅಧಿಕಾರಿಯ ಮುಂದೆ ಹೋಗಬೇಕು. ಅವರು ಜವಾನನನ್ನು ಕರೆದು ಮಾತನಾಡಿಸಿ ಶಿಫಾರಸು ಬರೆದರೆ ದಾಖಲೆ ಕಚೇರಿಗೆ ಸಾಗುತ್ತದೆ. ಅಲ್ಲಿ ನೋಡುವುದು ಕಷ್ಟವನ್ನು ಮಾತ್ರವಲ್ಲ. ಕೇಳಿದ ಊರಿನಲ್ಲಿ ಆತನದೇ ದರ್ಜೆಯ, ಆತನದೇ ಕಸುಬಿನ ಸ್ಥಾನ ಖಾಲಿಯಿರಬೇಕು; ಈಗಿರುವ ಸ್ಥಳದ ಅವಧಿ ಮುಗಿಯುತ್ತಿರಬೇಕು; ಕುಟುಂಬವನ್ನು ಕರೆದೊಯ್ಯಲಾಗದ ಗಡಿನೆಲೆಯಲ್ಲಿ ಆತ ತನ್ನ ಸರದಿಯನ್ನು ಕಳೆದಿದ್ದಾನೆಯೇ ಎಂಬುದನ್ನೂ ನೋಡುತ್ತಾರೆ. ರೇಡಾರ್ ದುರಸ್ತಿ ಬಲ್ಲವನ ಸ್ಥಾನದಲ್ಲಿ ಅಡುಗೆಯವನನ್ನು ಕೂರಿಸಲಾಗದಷ್ಟೆ.

ಇಷ್ಟಾದರೂ ಬೆಂಗಳೂರನ್ನು ಕೇಳುವವರ ಸಾಲು ಉದ್ದವಾದದ್ದು. ಕನ್ನಡಿಗ ಜವಾನನು ಊರೆಂದು ಕೇಳುತ್ತಾನೆ. ಕೇರಳದವನು ತನ್ನ ಪತ್ನಿ ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿದ್ದಾಳೆಂದು ಕೇಳುತ್ತಾನೆ. ಉತ್ತರದವನು ಮಕ್ಕಳ ಕಾಲೇಜಿಗೆಂದು ಕೇಳುತ್ತಾನೆ. ಮೂವರೂ ನಮ್ಮ ಧರ್ಮಕೇಂದ್ರದವರೇ ಆಗಿರಬಹುದು. ಒಬ್ಬನಿಗೆ ದೊರೆತದ್ದು ಇನ್ನಿಬ್ಬರಿಗೆ ತಪ್ಪಿದ್ದು ಎಂಬ ಸತ್ಯವನ್ನು ಮೊದಲು ಒಪ್ಪಿಕೊಳ್ಳುವುದು ಒಳಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮಗೆ ಆಪ್ತವಾದ ಒಂದು ಕುಟುಂಬದ ತಾಯಿ ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾಗಿತ್ತು. ಒಬ್ಬನೇ ಮಗ ದೂರದ ನೆಲೆಯಲ್ಲಿ ಸೇವೆಯಲ್ಲಿದ್ದ. ಸೊಸೆ ಕೆಲಸಕ್ಕೂ ಆಸ್ಪತ್ರೆಗೂ ಓಡಾಡಿ ಸೋತಿದ್ದಳು. ಮಗ ಅರ್ಜಿ ಹಾಕಿದ. ‘ಒಪ್ಪಿಗೆಯಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಿತು. ಏಕೆಂಬುದು ಅದರಲ್ಲಿ ಇರಲಿಲ್ಲ. ಆಗ ನಮ್ಮ ಮನೆಗೆ ಬಂದ ಆ ತಾಯಿ, “ದೊಡ್ಡವರನ್ನು ಹಿಡಿದು ಒಂದು ಮಾತು ಹೇಳಿಸಿಕೊಡಿ ಸಾರ್” ಎಂದು ಕಣ್ಣೀರಿಟ್ಟರು. ನಾವೂ ಮುಂದುವರಿದು ಪ್ರಭಾವಿಯೊಬ್ಬರಿಂದ ಪತ್ರ ಬರೆಸಿದೆವು. ಸೇನೆಯಲ್ಲಿ ಹೊರಗಿನ ಪ್ರಭಾವವನ್ನು ತರುವುದು ಶಿಸ್ತಿನ ಉಲ್ಲಂಘನೆ ಎಂಬುದನ್ನು ನಾವು ಅರಿಯದೆ ಹೋದೆವು. ಪತ್ರದ ಫಲವಾಗಿ ಆತನಿಗೆ ದೊರೆತದ್ದು ಊರಲ್ಲ, ಎಚ್ಚರಿಕೆ. ಮೊದಲ ಅರ್ಜಿ ತಿರಸ್ಕೃತವಾದದ್ದು ವೈದ್ಯಕೀಯ ದಾಖಲೆಯೊಂದರ ಕೊರತೆಯಿಂದ ಎಂದು ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ದಾಖಲೆ ಸರಿಪಡಿಸಿ ಕೊಟ್ಟ ಅರ್ಜಿ ಮಂಜೂರಾಯಿತು. ಆದರೆ ಆತ ಪೆಟ್ಟಿಗೆ ಹೊತ್ತು ಊರಿಗೆ ಬಂದಾಗ ತಾಯಿಯ ತಿಂಗಳ ಪೂಜೆಯೂ ಮುಗಿದುಹೋಗಿತ್ತು.

ಆ ಮೊದಲ ಉತ್ತರದಲ್ಲಿ ‘ಇಂಥ ಪತ್ರ ಲಗತ್ತಿಸಿಲ್ಲ’ ಎಂಬ ಮೂರು ಪದಗಳಿದ್ದಿದ್ದರೆ ಮಗ ತಾಯಿಯ ಕೈ ಹಿಡಿದು ಕುಳಿತಿರುತ್ತಿದ್ದ. ನಮ್ಮ ಇಂದಿನ ಬರಹದ ಸಾರ ಇಷ್ಟೇ. ಜವಾನನಿಗೆ ಕೇಳಿದ್ದೆಲ್ಲವನ್ನೂ ಕೊಡಿರೆಂದು ನಾವು ಹೇಳುತ್ತಿಲ್ಲ. ಕೊಡದಿದ್ದಾಗ ಕಾರಣವನ್ನು ಕೊಡಿ ಎನ್ನುತ್ತಿದ್ದೇವೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಸೈನಿಕ ಸೇವೆ ಇತರ ನೌಕರಿಯಂತಲ್ಲ. ಎಲ್ಲರೂ ತಮಗೆ ಬೇಕಾದ ಊರನ್ನೇ ಆರಿಸುವುದಾದರೆ ಸಿಯಾಚಿನ್ನಿನ ಹಿಮದಲ್ಲಿ ನಿಲ್ಲುವವರಾರು? ನಮ್ಮ ಸಂವಿಧಾನವೂ 33ನೆಯ ವಿಧಿಯಲ್ಲಿ ಸೇನೆಯವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಸೇನಾ ವರ್ಗಾವಣೆಗಳಲ್ಲಿ ನ್ಯಾಯಾಲಯಗಳು ಸುಲಭವಾಗಿ ಕೈಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಹೇಳಿದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯನ್ನು ರಚಿಸಿದ 2007ರ ಕಾಯಿದೆಯಂತೂ ವರ್ಗಾವಣೆಯನ್ನೂ ರಜೆಯನ್ನೂ ಆ ಮಂಡಳಿಯ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಅನ್ಯಾಯವಾಯಿತೆನಿಸಿದ ಜವಾನನಿಗೆ 1950ರ ಸೇನಾ ಕಾಯಿದೆಯ 26ನೆಯ ಕಲಮಿನಂತೆ ಮೇಲಧಿಕಾರಿಗೆ ದೂರು ಸಲ್ಲಿಸುವ ಹಾದಿಯಿದೆ.

ಈ ಕಟ್ಟುನಿಟ್ಟು ಅಗತ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹೊರಗಿನ ಬಾಗಿಲುಗಳು ಮುಚ್ಚಿದಷ್ಟೂ ಒಳಗಿನ ಬಾಗಿಲು ಅಗಲವಾಗಿ ತೆರೆದಿರಬೇಕು. ನ್ಯಾಯಾಲಯ ಕೇಳುವಂತಿಲ್ಲವೆಂದ ಮೇಲೆ ಕಚೇರಿಯೇ ನ್ಯಾಯಾಲಯದಷ್ಟು ತಾಳ್ಮೆಯಿಂದ ಕೇಳಬೇಕಲ್ಲವೇ?

ಇದು ಅಸಾಧ್ಯವೂ ಅಲ್ಲ. ನಮ್ಮ ರಾಜ್ಯದ ಸರ್ಕಾರಿ ಶಿಕ್ಷಕರ ವರ್ಗಾವಣೆಯನ್ನೇ ನೋಡಿ. ಒಂದು ಕಾಲಕ್ಕೆ ಅದು ಶಿಫಾರಸುಗಳ ಸಂತೆಯೆಂಬ ಅಪಖ್ಯಾತಿ ಪಡೆದಿತ್ತು. 2007ರ ಕಾಯಿದೆ, ಬಳಿಕ ಅದರ ಸ್ಥಾನದಲ್ಲಿ ಬಂದ 2020ರ ಕಾಯಿದೆಗಳು ಕೌನ್ಸೆಲಿಂಗ್ ಕ್ರಮಕ್ಕೆ ಶಾಸನದ ಬಲ ನೀಡಿದವು. ಖಾಲಿ ಹುದ್ದೆಗಳನ್ನು ಪ್ರಕಟಿಸಿ, ಆದ್ಯತಾ ಪಟ್ಟಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿ, ಸರದಿಯಂತೆ ಆರಿಸಿಕೊಳ್ಳಲು ಬಿಡುತ್ತಾರೆ. ಅಸಮಾಧಾನಗಳು ಇಂದಿಗೂ ಉಂಟು. ಆದರೆ ತನ್ನ ಮುಂದೆ ಎಷ್ಟು ಮಂದಿ ಇದ್ದಾರೆ, ಏಕೆ ಇದ್ದಾರೆ ಎಂಬುದು ಹಳ್ಳಿಯ ಶಿಕ್ಷಕಿಗೂ ತಿಳಿಯುತ್ತದೆ. ಅಮೆರಿಕದ ನೌಕಾಪಡೆಯಲ್ಲಿ ಸಾಮಾನ್ಯ ನಾವಿಕನೂ ತನ್ನ ಅವಧಿ ಮುಗಿಯುವ ತಿಂಗಳುಗಳ ಮುನ್ನವೇ ಗಣಕಯಂತ್ರದಲ್ಲಿ ತನ್ನ ಕಸುಬಿನ ಖಾಲಿ ಸ್ಥಾನಗಳನ್ನು ಕಂಡು, ಕೆಲವಕ್ಕೆ ಆದ್ಯತೆಯ ಕ್ರಮದಲ್ಲಿ ಅರ್ಜಿ ಹಾಕುತ್ತಾನೆ. ಕೊನೆಯ ಮಾತು ಅಲ್ಲಿಯೂ ಪಡೆಯದೇ. ಪಡೆಯ ಅಗತ್ಯವೇ ಅಲ್ಲಿಯೂ ಮೊದಲು. ಕೇಳಿಸಿಕೊಂಡ ಮಾತ್ರಕ್ಕೆ ಆ ಪಡೆಯ ಶಿಸ್ತು ಕುಸಿದಿಲ್ಲ.

ಗಡಿನೆಲೆಗಳ ಸಂಖ್ಯೆ, ಸ್ಥಾನಗಳ ವಿವರ ಗುಟ್ಟಾಗಿಯೇ ಇರಲಿ. ಆದರೆ ತರಬೇತಿ ಸಂಸ್ಥೆ, ಆಸ್ಪತ್ರೆ, ಉಗ್ರಾಣ, ಎನ್‌ಸಿಸಿ ಘಟಕ ಮುಂತಾದ ಶಾಂತಿನೆಲೆಗಳಲ್ಲಿ ಯಾವ ಕಸುಬಿಗೆ ಎಂದು ಸ್ಥಾನ ತೆರವಾಗುತ್ತದೆಂಬುದನ್ನು ಪಡೆಯ ಒಳಗಿನವರಿಗಾದರೂ ತಿಳಿಸಿದರೆ ದೇಶಕ್ಕೆ ಅಪಾಯವಿಲ್ಲ. ಅರ್ಜಿಗೆ ಇಂತಿಷ್ಟು ದಿನಗಳಲ್ಲಿ ಉತ್ತರ, ತಿರಸ್ಕಾರಕ್ಕೆ ಕಾರಣ, ಕೊರತೆಯಿದ್ದರೆ ಸರಿಪಡಿಸಲು ಅವಕಾಶ: ಇವು ಮೂರೂ ಎಲ್ಲ ಪಡೆಗಳಲ್ಲಿ, ಎಲ್ಲ ಘಟಕಗಳಲ್ಲಿ ಜವಾನನ ಹಕ್ಕೆನಿಸಬೇಕು. ಕಷ್ಟವನ್ನರಿತ ಕಮಾಂಡಿಂಗ್ ಅಧಿಕಾರಿಗಳು ಇಂದಿಗೂ ಹೀಗೆಯೇ ನಡೆದುಕೊಳ್ಳುತ್ತಾರೆ. ಒಬ್ಬರ ಸೌಜನ್ಯ ಎಲ್ಲರ ನಿಯಮವಾಗಲಿ.

2022ರ ಅಗ್ನಿಪಥ ಯೋಜನೆ ಈ ಪ್ರಶ್ನೆಗೆ ಹೊಸ ತೀವ್ರತೆ ತಂದಿದೆ. ನಾಲ್ಕು ವರ್ಷಗಳ ಸೇವೆ. ಅದರ ಕೊನೆಯಲ್ಲಿ ಮುಂದುವರಿಯುವವರು ಶೇಕಡಾ 25ರವರೆಗೆ ಮಾತ್ರ. ಇಪ್ಪತ್ತು ವರ್ಷ ಸೇವೆಯಿರುವವನು ಒಂದು ಸರದಿ ತಪ್ಪಿದರೆ ಇನ್ನೊಂದಕ್ಕೆ ಕಾಯಬಲ್ಲ. ಬೆಳಗಾವಿಯಲ್ಲಿ ತರಬೇತಿ ಮುಗಿಸಿ ಹೊರಟ ಅಗ್ನಿವೀರನಿಗೆ ಕಾಯಲು ಕಾಲವೆಲ್ಲಿದೆ? ಆತನ ಮನೆಯಲ್ಲಿ ಸಂಕಟ ಬಂದರೆ ಆತನ ಅರ್ಜಿ ಬೇಗ ನೋಡಲ್ಪಡಬೇಕು.

ಇನ್ನು ಮಕ್ಕಳ ಮಾತು. ವರ್ಗಾವಣೆಯಾಗುವ ನೌಕರರ ಮಕ್ಕಳಿಗಾಗಿಯೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಆರಂಭವಾದದ್ದು ಒಂದು ವರವೇ ಸರಿ. ಜಾಲಹಳ್ಳಿಯಲ್ಲಿ ಕಲಿತ ಪಾಠವೇ ಜೋರ್ಹಾಟಿನಲ್ಲಿ ಮುಂದುವರಿಯುತ್ತದೆ. ಮುಂದುವರಿಯದಿರುವುದು ತಾಯಿನುಡಿ ಮತ್ತು ಧರ್ಮೋಪದೇಶ. ಮೂರು ಊರು ಕಂಡು ಬಂದ ಹುಡುಗಿಗೆ ಪ್ರಥಮ ಪರಮಪ್ರಸಾದದ ತಯಾರಿ ಮೂರು ಬಾರಿ ಆರಂಭವಾಗಿ ಮೂರು ಬಾರಿಯೂ ನಿಂತಿರುವುದನ್ನು ನಾವು ಕಂಡಿದ್ದೇವೆ. ಅಜ್ಜಿಯ ಜಪಸರದ ಕನ್ನಡ ಮೊಮ್ಮಗಳಿಗೆ ಓದಲು ಬಾರದು. ಸೈನಿಕರ ಆತ್ಮಿಕ ಆರೈಕೆಗೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1986ರಲ್ಲಿ ಹೊಸ ವ್ಯವಸ್ಥೆ ರೂಪಿಸಿದರು; ಅದರಂತೆ ಹಲವು ದೇಶಗಳಲ್ಲಿ ಸೇನೆಗೇ ಪ್ರತ್ಯೇಕ ಧರ್ಮಾಧ್ಯಕ್ಷರಿದ್ದಾರೆ. ನಮ್ಮಲ್ಲಿ ಅಂತಹ ಪ್ರತ್ಯೇಕ ಧರ್ಮಪ್ರಾಂತ್ಯವಿಲ್ಲ. ಕೆಲವು ಘಟಕಗಳಲ್ಲಿ ಪಾದ್ರಿಯವರು ಧಾರ್ಮಿಕ ಶಿಕ್ಷಕರಾಗಿ ಇರುತ್ತಾರಾದರೂ, ಬಹುಮಟ್ಟಿಗೆ ಜವಾನನ ಕುಟುಂಬ ನೆರೆಯ ಧರ್ಮಕೇಂದ್ರದ ಮಡಿಲಿಗೇ ಬರುತ್ತದೆ. ಹಾಗೆ ಬಂದವರನ್ನು ‘ಕ್ವಾರ್ಟರ್ಸಿನವರು, ಎರಡು ವರ್ಷದಲ್ಲಿ ಹೋಗುವವರು’ ಎಂದು ದೂರವಿಡುವುದು ನಮ್ಮ ಸಣ್ಣತನ.

ಕುಟುಂಬಗಳಿಗೂ ಒಂದೆರಡು ಮಾತು ಹೇಳಬೇಕು. ಸಂಕಟವಿಲ್ಲದಿದ್ದರೂ ವೈದ್ಯರಿಂದ ಪತ್ರ ಬರೆಸಿ ಅರ್ಜಿ ಹಾಕುವವರಿದ್ದಾರೆ. ಅಂತಹ ಪ್ರತಿಯೊಂದು ಸುಳ್ಳು ಪತ್ರವೂ ನಿಜವಾದ ರೋಗಿಯ ಮಗನನ್ನು ಸಾಲಿನಲ್ಲಿ ಹಿಂದಕ್ಕೆ ತಳ್ಳುತ್ತದೆ, ಕಚೇರಿಯವರ ಸಂಶಯವನ್ನು ಬೆಳೆಸುತ್ತದೆ. ಗುರುಗಳ ಬಳಿ, ಊರಿನ ಹಿರಿಯರ ಬಳಿ ಉತ್ಪ್ರೇಕ್ಷೆಯ ಪತ್ರ ಕೇಳಬೇಡಿ. ಕಷ್ಟವಿದ್ದರೆ ಅದನ್ನು ಇದ್ದಂತೆಯೇ ಬರೆಯಿರಿ: ಯಾರಿಗೆ ಏನು ಕಾಯಿಲೆ, ಎಂದಿನಿಂದ, ಯಾವ ಆಸ್ಪತ್ರೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಬೇರೆಯವರು ಏಕೆ ನೋಡಿಕೊಳ್ಳಲಾಗದು. ದಾಖಲೆಗಳ ಪ್ರತಿ ಇಟ್ಟುಕೊಳ್ಳಿ. ನಿಯಮಗಳು ಪಡೆಯಿಂದ ಪಡೆಗೆ ಭಿನ್ನವಾಗಿರುತ್ತವೆ, ಕಾಲಕಾಲಕ್ಕೆ ಬದಲಾಗುತ್ತವೆ. ಆದುದರಿಂದ ಯಾವ ಪತ್ರಗಳು ಬೇಕೆಂದು ಘಟಕದ ಕಚೇರಿಯಲ್ಲಿಯೇ ಮೊದಲು ವಿಚಾರಿಸಿರಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಬಾಗಿಲು ಸೇವೆಯಲ್ಲಿರುವವರ ಕುಟುಂಬಕ್ಕೂ ತೆರೆದಿದೆ ಎಂಬುದನ್ನು ಮರೆಯದಿರಿ.

ಇಲ್ಲಿಯೇ ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಜಾಲಹಳ್ಳಿ, ಪೀಣ್ಯದ ಕಡೆ ದಾಖಲೆ ಕೆಲಸವನ್ನು ಬಲ್ಲ ನಿವೃತ್ತ ಸೈನಿಕರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಇಬ್ಬರು ಹಿರಿಯರು ಒಂದು ಮೇಜಿನ ಮುಂದೆ ಕುಳಿತು, ಬಂದವರ ಅರ್ಜಿಯನ್ನು ಓದಿ, ಬಿಟ್ಟುಹೋದ ಪತ್ರವನ್ನು ತೋರಿಸಿಕೊಟ್ಟರೆ ಸಾಕು. ಇದಕ್ಕೆ ಹಣ ಬೇಡ, ಸಂಘ ಬೇಡ, ಪ್ರಭಾವಿಗಳಂತೂ ಬೇಡವೇ ಬೇಡ. ನಮ್ಮ ಆ ತಾಯಿಗೆ ಅಂದು ಬೇಕಾಗಿದ್ದುದು ದೊಡ್ಡವರ ಪತ್ರವಲ್ಲ, ಇಂತಹ ಒಬ್ಬ ಹಿರಿಯನ ಕನ್ನಡಕದ ಹಿಂದಿನ ಕಣ್ಣು.

ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬಳಿ ಬರುವ ಶತಾಧಿಪತಿಯನ್ನು ನಾವೆಲ್ಲ ಬಲ್ಲೆವು. ಆತನೂ ಅಪ್ಪಣೆಗೆ ಒಳಪಟ್ಟವನೇ, ಅಪ್ಪಣೆ ಕೊಡುವವನೇ. ಶಿಸ್ತು ಎಂದರೇನೆಂದು ಆತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಮನೆಯಲ್ಲಿ ನರಳುತ್ತಿದ್ದ ತನ್ನ ಸೇವಕನಿಗಾಗಿ ಬಂದು ಬೇಡಲು ಹಿಂಜರಿಯಲಿಲ್ಲ; ಪ್ರಭುವು ಆತನಿಗೆ ಉತ್ತರ ಕೊಡಲು ತಡಮಾಡಲಿಲ್ಲ. ಶಿಸ್ತಿನ ಮನುಷ್ಯನೂ ಮನೆಯವರಿಗಾಗಿ ಕೇಳಬಹುದು, ಕೇಳಿದವನಿಗೆ ಉತ್ತರ ಸಲ್ಲಬೇಕು. ನಮ್ಮ ನಿದ್ರೆಯನ್ನು ಕಾಯುವವನ ಅರ್ಜಿಗೆ ನಾವು ಬಯಸುವುದು ಇಷ್ಟನ್ನೇ.